ಎಡಗಡೆ ಕೂತವರು

ಆಸ್ಪತ್ರೆಯಿಂದ ನಮ್ಮೂರು ಆಲಸನತ್ತದ ಮನೆಗೆ ಬಂದ ಹೊಸದರಲ್ಲಿ ನನ್ನನ್ನು ನೋಡಲು ಬಂದವರೆಲ್ಲ ನನಗೆ ದಡ್ಡರಂತೆ ಕಂಡರು. ಆ ಅಭಿಪ್ರಾಯ ಇವತ್ತಿಗೂ ಪೂರ್ತಿ ಬದಲಾಗಿಲ್ಲ.

ಜೂಜುವಾಡಿಯಲ್ಲಿ ಲಾರಿಯವರಿಗೆ ಅಡುಗೆ ಮಾಡಿ ಹಾಕುವ ಪುಟ್ಟ ಮೆಸ್ ನನ್ನದು. ಒಂದು ಬೆಳಿಗ್ಗೆ ಇಡ್ಲಿ ಬಡಿಸುತ್ತಿದ್ದಾಗ ಎಡಗಾಲು ಮಡಚಿಕೊಂಡು ಅಲ್ಲೇ ಕುಸಿದೆ. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಲಕ್ವ ಹೊಡೆದಿದೆ ಎಂದರು ಡಾಕ್ಟರು. ಎಡಗೈ, ಎಡಗಾಲು ಸೋತದ್ದು ಎಲ್ಲರಿಗೂ ಕಾಣುತ್ತಿತ್ತು. ನನಗೆ ಮಾತ್ರ ಎಡಗಡೆ ಅನ್ನುವುದೇ ಇಲ್ಲವಾಗಿತ್ತು. ಕತ್ತಲೆಯಾಗಿದ್ದರೆ ತಿಳಿಯುತ್ತಿತ್ತು; ಅಲ್ಲಿ ಕತ್ತಲೆಯೂ ಇರಲಿಲ್ಲ.

ಗಂಡ ಊಟ ತಂದಿಟ್ಟರು. ಬಲಗಡೆಯ ಅರ್ಧ ಮುದ್ದೆ ನುಂಗಿ, "ಹೊಟ್ಟೆಗೆ ಇಷ್ಟೇಯಾ ಇಕ್ಕೋದು? ಮೆಸ್ಸಲ್ಲಿ ನಾಯಿಗೂ ಇದ್ಕಿಂತ ಜಾಸ್ತಿ ಇಕ್ತಿದ್ದೆ ನಾನು" ಎಂದೆ. ಅವರು ತಟ್ಟೆ ತಿರುಗಿಸಿದರು. ಉಳಿದರ್ಧ ಮುದ್ದೆ, ಸೊಪ್ಪಿನ ಪಲ್ಯ ಎಲ್ಲಿಂದಲೋ ಬಂದುಬಿಟ್ಟವು. ಬೈದ ಮೇಲೆ ಕದ್ದು ಬಡಿಸಿದರು ಅಂದುಕೊಂಡೆ.

ಒಂದು ದಿನ ಮತ್ತಿಗಿರಿಯಿಂದ ಗಂಡನ ಅಣ್ಣ ಬಂದರು. ಮಂಚದ ಎಡಗಡೆ ಕುರ್ಚಿ ಎಳೆದುಕೊಂಡು ತುಂಬ ಹೊತ್ತು ಕೂತಿದ್ದರಂತೆ. ನಾನು ಬಲಗಡೆಯ ಕಿಟಕಿ ನೋಡುತ್ತಲೇ ಇದ್ದೆ.

"ಕಾಯ್ಲೆ ಬಿದ್ರೂ ಕೊಬ್ಬು ಇಳ್ದಿಲ್ಲ ಕಣ್ಲಾ ಇವ್ಳಿಗೆ. ಪಾರಿವಾಳದ ರಕ್ತ ತಂದು ತಿಕ್ಕು, ಎಲ್ಲಾ ಸರೋಯ್ತದೆ" ಎಂದರು ತಮ್ಮನಿಗೆ.

ದನಿ ನನಗೆ ಕೇಳಿತು, ಆದರೆ ಕಿಟಕಿಯ ಕಡೆಯಿಂದ. ಅಲ್ಲಿ ಯಾರೂ ಇರಲಿಲ್ಲ. ಈ ಭಾವ ಗೋಡೆಯಾಚೆ ನಿಂತು ಚಾಡಿ ಹೇಳುತ್ತಿದ್ದಾರೆ ಎಂದು ಅಸಹ್ಯವಾಯಿತು. ಎದುರು ಬಂದು ಮಾತಾಡಲು ಧೈರ್ಯವಿಲ್ಲದ ಮನುಷ್ಯ ಎಂಬ ತಾತ್ಸಾರವಂತೂ ಕಾಯಿಲೆಗೆ ಮೊದಲೇ ಇತ್ತು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ತಮಿಳಿನವಳು. ಮಂಚದ ಪಕ್ಕ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಅಮ್ಮಾ, ಎಡಕ್ಕೆ ಸಾಯ್ತಾ ಇದ್ದೀರ" ಎಂದಳು.

ತಮಿಳಲ್ಲಿ ಸಾಯುವುದೆಂದರೆ ವಾಲುವುದು ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಕನ್ನಡದಲ್ಲೇ ಅರ್ಥ ಮಾಡಿಕೊಂಡು ರೇಗಿದೆ. "ಸಾಯೋಳು ನಾನಲ್ಲ ಕಣೇ. ನೆಟ್ಟಗೆ ನಿಂತೋಳ್ನ ನೀನೇ ತಳ್ತಾ ಇದ್ದೀಯ."

ಅವಳು ಬಲಕ್ಕೆ ಎಳೆದಷ್ಟೂ ನಾನು ಬಲಗೈಯನ್ನು ಮಂಚಕ್ಕೆ ಒತ್ತಿ ಎಡಕ್ಕೆ ತಳ್ಳಿಕೊಂಡೆ. ಗಂಡ ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿದ್ದೆ. ಇಬ್ಬರನ್ನೂ ಬೈದೆ.

ಮರುದಿನ ಅವಳು ವಾದಕ್ಕಿಳಿಯಲಿಲ್ಲ. ಬಾಗಿಲ ಚೌಕಟ್ಟಿನ ಪಕ್ಕ ನಿಲ್ಲಿಸಿ, "ಬಲಗಡೆ ಭುಜ ಇದಕ್ಕೆ ತಾಗಿಸಿ, ಅಷ್ಟೇ ಸಾಕು" ಎಂದಳು. ತಾಗಿಸಲು ಹೋದರೆ ಚೌಕಟ್ಟು ಸಿಗಲೊಲ್ಲದು. ಮನುಷ್ಯರ ಮೇಲಾದರೆ ತಪ್ಪು ಹೊರಿಸಬಹುದಿತ್ತು. ಬಾಗಿಲಿಗೆ ನನ್ನ ಮೇಲೇನು ಹಗೆ? ಕೊನೆಗೆ ಭುಜ ತಾಗಿದಾಗ ಬಲಕ್ಕೆ ಉರುಳಿಯೇ ಹೋದೆ ಅನ್ನಿಸಿ ಕಿರುಚಿದೆ. ಬೀಳಲಿಲ್ಲ. ಹಾಗಾದರೆ ಇಷ್ಟು ದಿನ ವಾಲಿದ್ದವಳು ನಾನೇ.

ಎಡಗಡೆ ಚೂರುಚೂರಾಗಿ ಮರಳಿತು. ಗಂಡ ಬೇಕೆಂದೇ ಆ ಕಡೆ ಕೂತು, "ತಲೆ ತಿರುಗ್ಸು, ಇಲ್ಲೇ ಇವ್ನಿ" ಎನ್ನುತ್ತಿದ್ದರು. ಮೊದಲು ಅವರ ಮೊಣಕಾಲು ಕಂಡಿತು, ಆಮೇಲೆ ಮುಖ. ಅದು ಎಷ್ಟು ಇಳಿದುಹೋಗಿತ್ತೆಂದರೆ ಬೈಯಲು ಬಾಯಿ ಬರಲಿಲ್ಲ.

ಈಗ ಮೆಸ್ಸಿನ ಅಡುಗೆ ಅವರದೇ. ಉಪ್ಪು ಒಂದು ದಿನವೂ ಸರಿಯಿರುವುದಿಲ್ಲ. ನಾನು ಬಲಗೈಯಲ್ಲಿ ಅಡುಗೆಕಟ್ಟೆ ಹಿಡಿದು, ಕಾಲಗಲಿಸಿ, ಎಡಗಡೆಯ ಒಲೆಯನ್ನು ಕತ್ತು ತಿರುಗಿಸಿ ಹುಡುಕಿಕೊಂಡು ನಿಲ್ಲುತ್ತೇನೆ. ಅನ್ನ ಬೇಯುವವರೆಗೆ ನಿಲ್ಲಬಲ್ಲೆ.