ಪ್ರಬಂಧದಲ್ಲಿ ಮಾತಾಡದ ಹುಡುಗಿ

ಬ್ಯಾಡಗಿ ಬಸ್ಸು ಇನ್ನೂ ರಾಣೆಬೆನ್ನೂರಿನ ಸ್ಟ್ಯಾಂಡು ಬಿಟ್ಟಿರಲಿಲ್ಲ. ದಿಲನಾಜ ಟೀಚರು ಕಿಟಕಿ ಪಕ್ಕದ ಸೀಟು ಹಿಡಿದು, ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಮೊಬೈಲು ತೆಗೆದು ನೋಡಿದಳು. ನೋಡಿದವಳೇ "ಯಾ ಅಲ್ಲಾ!" ಎಂದು ಕೂಗಿದ ಜೋರಿಗೆ ಕಂಡಕ್ಟರು ಓಡಿ ಬಂದ.

"ಏನಾತ್ರಿ ಟೀಚರ್? ಪರ್ಸ್ ಹೊಡದ್ರೇನ್ರಿ?"

"ಇಲ್ರಿ, ಇಲ್ಲ. ಜರ್ನಲ್ಲಿನವ್ರು ಹೂಂ ಅಂದಾರ!"

ಕಂಡಕ್ಟರನಿಗೆ ಏನು ತಿಳಿಯಿತೋ ದೇವರಿಗೇ ಗೊತ್ತು. ಎಲ್ಲೋ ಹೆಣ್ಣಿನ ಕಡೆಯವರು ಹೂಂ ಅಂದಿರಬೇಕು ಎಂದುಕೊಂಡು, "ಪೇಢೆ ಕೊಡಸ್ರಿ ಹಂಗಾರ" ಎಂದು ಮುಂದೆ ಹೋದ.

ಹೆಣ್ಣಿನ ಕಡೆಯವರನ್ನು ಒಪ್ಪಿಸುವುದು ಇದಕ್ಕಿಂತ ಸಲೀಸು. ಇದು ಶಿಕ್ಷಣದ ಮೇಲಿನ ಸಂಶೋಧನೆಗಳನ್ನು ಅಚ್ಚು ಹಾಕುವ ಇಂಗ್ಲಿಷ್ ಜರ್ನಲ್. ಇವತ್ತು ದುಡ್ಡು ಹಾಕಿ, ನಾಡಿದ್ದು ನಿಮ್ಮ ಪ್ರಬಂಧ ಬರುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಕರೆಯುವ ಜಾತಿಯದಲ್ಲ. ದಿಲನಾಜ ಮೊದಲ ಸಲ ಕಳಿಸಿದಾಗ ಓದದೆಯೇ ವಾಪಸು ಮಾಡಿದ್ದರು. ಬರೆದವರು ಯಾರೆಂದು ಪರಿಶೀಲಕರಿಗೆ ಗೊತ್ತಾಗಬಾರದು, ಪ್ರಬಂಧದಲ್ಲಿ ಎಲ್ಲಿಯೂ ಹೆಸರಿರಬಾರದು ಎಂಬುದು ಅವರ ನಿಯಮ. ಈಕೆ ತನ್ನ ಹೆಸರು ತೆಗೆದಿದ್ದಳು, ಕೊನೆಯಲ್ಲಿ ಗಂಡ ಶಾನವಾಜನಿಗೆ ಹೇಳಿದ ಕೃತಜ್ಞತೆಯನ್ನು ಮಾತ್ರ ಹಾಗೇ ಬಿಟ್ಟಿದ್ದಳು. ರಾಣೆಬೆನ್ನೂರಿನಲ್ಲಿ ಮೋಟರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಶಾನವಾಜ, ತನ್ನ ಹೆಸರು ತೆಗೆಸಿದ ಜರ್ನಲ್ಲಿನ ಮೇಲೆ ಇವತ್ತಿಗೂ ಹಲ್ಲು ಕಡಿಯುತ್ತಾನೆ. ಆಮೇಲೆ ಆಕರ ಗ್ರಂಥಗಳ ಪಟ್ಟಿಯಲ್ಲಿ ಚುಕ್ಕಿ ಇಲ್ಲಿಲ್ಲ, ಇಸವಿ ಅಲ್ಲಿರಬೇಕು ಎಂದು ಎರಡು ಸಲ ಓಡಾಡಿಸಿದರು. ಅದಾದ ಮೇಲೆ ಪರಿಶೀಲಕರಿಬ್ಬರು ಪುಟಗಟ್ಟಲೆ ತಕರಾರು ಬರೆದು ಕಳಿಸಿದ್ದರು. ಇಷ್ಟೆಲ್ಲ ಆಗಿ ಈಗ ಸಂಪಾದಕರು ಬರೆದಿದ್ದಾರೆ: ಪ್ರಬಂಧ ನಮಗೆ ಒಪ್ಪಿಗೆ, ಒಂದೇ ಒಂದು ಷರತ್ತು.

ಷರತ್ತು ಇಷ್ಟೇ. ಪ್ರಬಂಧದ ಒಂದು ವಾಕ್ಯ ಪರಿಶೀಲಕರಿಗೆ ಬಹಳ ಹಿಡಿಸಿತ್ತು: 'ಎಂ. ಎಂಬ ಬಾಲಕಿ ಇಡೀ ವರ್ಷದಲ್ಲಿ ಶಿಕ್ಷಕಿಯ ಒಂದು ಪ್ರಶ್ನೆಗೂ ಉತ್ತರ ಹೇಳಲಿಲ್ಲ.' ಇದಕ್ಕೆ ಆಧಾರವಾಗಿ ಮೂರು ಪಾಠಗಳ ಮಾತುಕತೆಯನ್ನು ಧ್ವನಿಮುದ್ರಣದಲ್ಲಿ ಇದ್ದದ್ದು ಇದ್ದಹಾಗೆ ಬರೆದು ಕಳಿಸಬೇಕು. ಯಾರು ಏನು ಅಂದರು, ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಸೆಕೆಂಡು ಸುಮ್ಮನಿದ್ದರು, ಅದೂ ಇರಬೇಕು. ತಿಂಗಳೊಳಗೆ.

ಹಾವೇರಿಯಲ್ಲಿರುವ ಅವಳ ಗೈಡ್ ಸದಾಶಿವ ಸರ್‌ಗೆ ಬಸ್ಸಿನಿಂದಲೇ ಫೋನು ಮಾಡಿದಳು. ಅವರಿಗೆ ಇವಳಿಗಿಂತ ಹೆಚ್ಚು ಖುಷಿ. ಇವಳ ಪಿಎಚ್‌ಡಿ ನೋಂದಣಿಯ ಅವಧಿ ಈ ಜೂನಿಗೆ ಮುಗಿಯುತ್ತಿತ್ತು. ಇಂಥ ಜರ್ನಲ್ಲಿನಲ್ಲಿ ಒಂದು ಪ್ರಬಂಧ ಬರದೆ ವಿಶ್ವವಿದ್ಯಾಲಯದವರು ಥೀಸಿಸ್ ಮುಟ್ಟುವಂತಿರಲಿಲ್ಲ. ಈಗ ಬಂದಂತೆಯೇ ಲೆಕ್ಕ.

ಎಂ. ಅಂದರೆ ಮುಸರತ. ಕದರಮಂಡಲಗಿಯ ಆಚೆಗಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ದಿಲನಾಜ ವಿಜ್ಞಾನ ಕಲಿಸುತ್ತಾಳೆ. ಪ್ರಬಂಧಕ್ಕಾಗಿ ಪಾಠ ಮುದ್ರಿಸಿದ ವರ್ಷ ಮುಸರತ ಆರನೇ ಇಯತ್ತೆಯಲ್ಲಿದ್ದಳು, ಈಗ ಏಳನೆಯದು ಮುಗಿದಿದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಕಿಟಕಿ ಪಕ್ಕದ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕುಳಿತು ನೆಲ ನೋಡುವ ಹುಡುಗಿ. ದಿಲನಾಜಳೂ ಒಂದು ಕಾಲಕ್ಕೆ ಹಾಗೆಯೇ ಇದ್ದವಳು. ಹಲಗೇರಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಬಾಯಿ ಬಿಡದೆ, ಮಾಸ್ತರರಿಂದ ಮೂಗಿ ಅನ್ನಿಸಿಕೊಂಡಿದ್ದಳು. ಆದ್ದರಿಂದ ಮನೆಮಾತು ಬೇರೆ ಇರುವ ಮಕ್ಕಳ ಮೌನದ ಬಗ್ಗೆ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಅವಳ ಗಟ್ಟಿ ನಂಬಿಕೆ. ಪ್ರಬಂಧ ಹುಟ್ಟಿದ್ದೂ ಅದರಿಂದಲೇ. ಮುಸರತಳನ್ನು ಕಂಡರೆ ಅವಳ ಕರುಳು ಚುರ್ರೆನ್ನುತ್ತಿತ್ತು. ಈಚೆಗೆ ಪಾಲಕರ ಸಭೆಯಲ್ಲಿ ಹುಡುಗಿಯ ಅಪ್ಪ ಚಾಂದಸಾಬನಿಗೆ, "ಕ್ಲಾಸಿನ್ಯಾಗ ಬಾಯಿನ ಬಿಡಂಗಿಲ್ಲರಿ ನಿಮ್ಮ ಹುಡುಗಿ. ಆದ್ರೂ ಹೈಸ್ಕೂಲಿಗೆ ಹಚ್ಚರಿ" ಎಂದು ಕಳಕಳಿಯಿಂದ ಹೇಳಿದ್ದಳು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಚಾಂದಸಾಬ, "ನೋಡೂಣ್ರಿ ಅಕ್ಕೋರ" ಎಂದು ಎದ್ದು ಹೋಗಿದ್ದ.

ತನಗೆ ಎಲ್ಲ ಗೊತ್ತು ಅನ್ನುವವರ ಪಾಡು ಹೀಗೇ, ಕೇಳಿ. ಸರ್ ಹೇಳಿದ್ದರೆಂದು ವರ್ಷಪೂರ್ತಿ ಪಾಠ ಮುದ್ರಿಸಿದ್ದಳು. ಟೇಬಲ್ಲಿನ ಮೇಲಿಟ್ಟರೆ ತನ್ನ ಗದ್ದಲವಷ್ಟೇ ಸಿಕ್ಕೀತೆಂದು, ಶಾನವಾಜನ ಹಳೆಯ ಮೊಬೈಲನ್ನು ಸೀಮೆಸುಣ್ಣದ ಖಾಲಿ ಡಬ್ಬಿಯಲ್ಲಿ ಹಾಕಿ ಹಿಂದಿನ ಕಿಟಕಿಯಲ್ಲಿ ಇಡುತ್ತಿದ್ದಳು. ಸಂಜೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ ತಾರೀಖು ಬರೆದು ಜೋಪಾನ ಮಾಡುತ್ತಿದ್ದಳು. ಕೇಳಿದ್ದು ಮಾತ್ರ ಇಲ್ಲವೇ ಇಲ್ಲ. ದಿನವಿಡೀ ಒದರಿ ಬಂದು ಮತ್ತೆ ಅದೇ ಒದರಾಟ ಯಾರು ಕೇಳಬೇಕು? ನೆನಪಿತ್ತು, ಟಿಪ್ಪಣಿ ಇತ್ತು, ಅಷ್ಟರ ಮೇಲೆಯೇ ಪ್ರಬಂಧ ನಿಂತಿತ್ತು.

ಭಾನುವಾರ ಊಟವಾದ ಮೇಲೆ ಇಯರ್‌ಫೋನು ಹಾಕಿಕೊಂಡು ಕುಳಿತಳು. ಆವಿಯಾಗುವಿಕೆಯ ಪಾಠ. ಮೊದಲು ತನ್ನದೇ ಧ್ವನಿ ಕೇಳಿ ನಾಚಿಕೆಯಾಯಿತು.

"ಒದ್ದಿ ಅರಬಿ ಒಣಗತೈತಿ. ಅದರಾಗಿನ ನೀರು ಎಲ್ಲಿ ಹೋತು? ಹೇಳ್ರಿ ನೋಡೂಣು."

ಕಿವಿಯ ಪಕ್ಕದಲ್ಲೇ ಒಂದು ಸಣ್ಣ ಧ್ವನಿ ಮಾತಾಡಿತು. "ಮ್ಯಾಲ ಗಾಳಿಗೆ ಹೋಗತೈತ್ರಿ. ಮೆಣಸಿನಕಾಯಿ ಚೀಲಾನೂ ಇಟ್ಟಿಟ್ಟಲ್ಲೆ ಹಂಗ ಹಗರ ಆಗತೈತಿ. ನಮ್ಮ ಅಬ್ಬಾ ಹೇಳ್ತಾನ."

ದೂರದಿಂದ ಅವಳದೇ ಧ್ವನಿ: "ಯಾರಿಗೂ ಗೊತ್ತಿಲ್ಲೇನು? ತೇಜಸ, ನೀ ಹೇಳು." ಮುಂದಿನ ಬೆಂಚಿನ ತೇಜಸ ಪುಸ್ತಕದ ವಾಕ್ಯ ಒಪ್ಪಿಸಿದ. "ಶಾಭಾಸ!"

ದಿಲನಾಜ ಅದನ್ನು ಹಿಂದಕ್ಕೆ ತಂದು ಮತ್ತೆ ಕೇಳಿದಳು. ಯಾವ ಹುಡುಗಿ ಇದು? ಎಷ್ಟು ಚಂದ ಹೇಳ್ಯಾಳಲ್ಲ ಎಂದು ನಗುತ್ತಿದ್ದವಳ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು. ಆ ಕಿಟಕಿಯ ಹತ್ತಿರ ಕೂರುತ್ತಿದ್ದವಳು ಒಬ್ಬಳೇ.

ಸುಳ್ಳಿರಬೇಕು ಎಂದು ಇನ್ನೊಂದು ಪಾಠ ಹಾಕಿದಳು, ಮತ್ತೊಂದು ಹಾಕಿದಳು. ನೆರಳಿನ ಪಾಠದಲ್ಲಿಯೂ ಅದೇ ಧ್ವನಿ, ಬೀಜದ ಪಾಠದಲ್ಲಿಯೂ ಅದೇ. ಅರ್ಧ ಕನ್ನಡ, ಅರ್ಧ ಉರ್ದು, ಪಿಸುಮಾತಿಗಿಂತ ತುಸು ಜೋರು. ಪ್ರತಿ ಪ್ರಶ್ನೆಗೂ ಉತ್ತರ. ಒಂದು ಪಾಠದಲ್ಲಂತೂ ದಿಲನಾಜಳೇ ಹೆಸರು ಹಿಡಿದು ಕರೆದಿದ್ದಳು.

"ಮುಸರತ, ನೀ ಹೇಳವ್ವಾ." ಬೆಂಚು ಕಿರ್ರೆಂದಿತು, ಹುಡುಗಿ ಎದ್ದಳು. "ಇರಲಿ ಬಿಡು, ಪಾಪ. ಕುಂದ್ರು, ಕುಂದ್ರು. ತೇಜಸ, ನೀ ಹೇಳು."

ಜರ್ನಲ್ಲಿನವರ ನಿಯಮದಂತೆ ನಡುವಿನ ಸೆಕೆಂಡುಗಳನ್ನು ಬರೆಯಬೇಕಿತ್ತು. ಬರೆಯಲು ನಡುವೆ ಏನೂ ಇರಲಿಲ್ಲ. ಹುಡುಗಿ ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು, ಅಷ್ಟರಲ್ಲಿ ಆ 'ಪಾಪ' ಬಂದು ಬೀಳುತ್ತಿತ್ತು. ಎಷ್ಟು ಅಕ್ಕರೆಯ ಧ್ವನಿ! ದಿಲನಾಜಳಿಗೆ ತನ್ನ ಧ್ವನಿಯ ಮೇಲೆಯೇ ಹೇಸಿಗೆ ಬಂತು. ತನ್ನನ್ನು ಮೂಗಿ ಅಂದ ಮಾಸ್ತರರಾದರೂ ಬೈದು ಅಂದಿದ್ದರು, ಹೀಗೆ ಅಕ್ಕರೆಯಿಂದ ಬಾಯಿ ಮುಚ್ಚಿಸಿರಲಿಲ್ಲ.

ಅವಳನ್ನು ಕಂಗೆಡಿಸಿದ್ದು ಇನ್ನೂ ಒಂದಿತ್ತು. ದೀಪಾವಳಿ ರಜೆಯ ನಂತರದ ಪಾಠಗಳಲ್ಲಿ ಆ ಧ್ವನಿ ಎಲ್ಲಿಯೂ ಇರಲಿಲ್ಲ. ರಾತ್ರಿಯವರೆಗೆ ಹುಡುಕಿದರೂ ಬೆಂಚಿನ ಸಪ್ಪಳ ಬಿಟ್ಟರೆ ಏನಿಲ್ಲ.

"ಯಾಕ, ಮಾರಿ ಹಿಂಗ್ಯಾಕಾಗೇತಿ?" ಎಂದು ಶಾನವಾಜ ಕೇಳಿದರೆ, "ನಾ ಬರದದ್ದು ಸುಳ್ಳು ಐತಿ" ಎಂದಳು.

"ಎಷ್ಟು ಸುಳ್ಳು?"

"ಒಂದ ವಾಕ್ಯ. ಉಳಿದದ್ದೆಲ್ಲಾ ಅದರ ಮ್ಯಾಲ ನಿಂತೈತಿ."

ಮರುದಿನ ರಜೆ ಹಾಕಿ, ಆ ಪಾಠಗಳನ್ನು ಮೊಬೈಲಿಗೆ ಹಾಕಿಕೊಂಡು ಹಾವೇರಿಗೆ ಹೋದಳು. ಸದಾಶಿವ ಸರ್ ಕೆಟ್ಟವರಲ್ಲ, ಶಿಷ್ಯರ ಕೆಲಸಕ್ಕೆ ತಾವೇ ಕಚೇರಿ ಅಲೆಯುವ ಮನುಷ್ಯ. ಇಯರ್‌ಫೋನು ಹಾಕಿಕೊಂಡು ಎಲ್ಲ ಕೇಳಿದರು. ಆಮೇಲೆ ಅದನ್ನು ತೆಗೆದು ಟೇಬಲ್ಲಿನ ಮೇಲಿಟ್ಟರು.

"ದೀಪಾವಳಿ ಆದ ಮ್ಯಾಲಿನ ಮೂರು ಪಾಠ ಬರದು ಕಳಸ್ರಿ. ಅದರಾಗ ಹುಡುಗಿ ಮಾತಾಡಿಲ್ಲಲ್ಲ? ಸುಳ್ಳಂತೂ ಅಲ್ಲ."

"ಇಡೀ ವರ್ಷ ಅಂತ ಬರದೇನಲ್ರಿ ಸರ್?"

"ಜರ್ನಲ್ಲಿನವ್ರು ನಿಮ್ಮ ಫೋನ್ ಕೇಳಾಕ ಬರ್ತಾರೇನ್ರಿ? ಜೂನಿಗೆ ನೋಂದಣಿ ಮುಗಿತೈತಿ. ಇಷ್ಟು ವರ್ಷ ದುಡದದ್ದು ನೀರಾಗ ಹೋಗತೈತಿ, ನೋಡ್ರಿ ಮತ್ತ."

ಹೌದೆನ್ನಿಸಿತು. ಸುಮ್ಮನೆ ಅವಳನ್ನು ಸತ್ಯವಂತೆ ಎಂದು ಹೊಗಳುವುದು ಬೇಡ, ನಿಜವಾಗಿಯೂ ಹೌದೆನ್ನಿಸಿತು. ಬಸ್ಸು ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಯಾವ ಮೂರು ಪಾಠ ಎಂದು ಗೊತ್ತು ಮಾಡಿಕೊಂಡಿದ್ದಳು. ಎರಡು ಪಾಠ ಬರೆದೂ ಆಯಿತು. ಒಬ್ಬಳು ಹುಡುಗಿ ಸುಮ್ಮನಿರುವ ಪಾಠ ಬರೆಯಲು ಎಷ್ಟು ಹೊತ್ತು ಬೇಕು?

ಮೂರನೆಯದು ಬರೆಯಬೇಕೆಂದಿದ್ದ ದಿನವೇ ಶಾಲೆಯಲ್ಲಿ ಫಲಿತಾಂಶ. ಮುಸರತ ಪಾಸಾಗಿದ್ದಳು. ಚಾಂದಸಾಬ ಒಬ್ಬನೇ ಬಂದು, ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಹೈಸ್ಕೂಲಿಗೆ ಹಚ್ಚಂಗಿಲ್ಲರಿ ಅಕ್ಕೋರ. ಸಾಕು. ಮನ್ಯಾಗ ಮೆಣಸಿನಕಾಯಿ ತೊಟ್ಟು ಬಿಡಿಸೂ ಕೆಲಸ ಐತಿ, ಅದನ್ನ ಮಾಡ್ಲಿ."

"ಯಾಕ್ರಿ ಭಾಯ್? ಪಾಸಾಗ್ಯಾಳಲ್ಲ!"

"ನೀವ ಹೇಳಿದ್ರೆಲ್ಲರಿ, ಬಾಯಿನ ಬಿಡಂಗಿಲ್ಲ ಅಂತ. ದಿನಾ ಬಸ್ಸಿನ್ಯಾಗ ಹೋಗಬೇಕು. ಯಾರರ ಏನರ ಅಂದ್ರ ಎದುರು ಮಾತಾಡಲಾರದಾಕಿನ್ನ ಹೆಂಗ ಕಳಸಲ್ರಿ? ನೀವು ಓದಿದವ್ರು, ದಿನಾ ನೋಡಾವ್ರು. ನೀವು ಸುಳ್ಳು ಹೇಳ್ತೀರೇನು?"

ಎದೆಯ ಮೇಲೆ ಚೀಲ ಎತ್ತಿ ಹಾಕಿದಂತಾಯಿತು. ತಾನು ಕನಿಕರದಿಂದ ಆಡಿದ ಒಂದು ಮಾತನ್ನು ಈ ಮನುಷ್ಯ ಸರ್ಕಾರಿ ಆದೇಶದ ಹಾಗೆ ಹೊತ್ತುಕೊಂಡು ಮನೆಗೆ ಹೋಗಿದ್ದ. ಜರ್ನಲ್ಲಿನಲ್ಲಿ ಯಾರು ಓದುತ್ತಾರೋ ಬಿಡುತ್ತಾರೋ, ಆ ವಾಕ್ಯವನ್ನು ಇವನು ಆಗಲೇ ನಂಬಿಬಿಟ್ಟಿದ್ದ.

ಅವಳು ಚಾಂದಸಾಬನನ್ನು ಬೆಂಚಿನ ಮೇಲೆ ಕೂರಿಸಿ, ಮೊಬೈಲು ತೆಗೆದು, ಇಯರ್‌ಫೋನನ್ನು ತಾನೇ ಅವನ ಕಿವಿಗೆ ಹಾಕಿದಳು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಮೆಣಸಿನಕಾಯಿ ಚೀಲದ ಮಾತು ಬಂದಾಗ ಮೀಸೆಯಲ್ಲೇ ನಕ್ಕ. "ನಂದ ಮಾತು ಇದು!" ಎಂದ. ಎಲ್ಲ ಕೇಳಿ ಮುಗಿಸಿ ಕಣ್ಣು ಬಿಟ್ಟು, ಬಹಳ ಮರ್ಯಾದೆಯಿಂದ ಕೇಳಿದ.

"ಈಕಿ ಮನ್ಯಾಗೂ ಇಷ್ಟ ದನಿಲೆ ಮಾತಾಡತಾಳ್ರಿ. ನಮಗೆಲ್ಲಾ ಕೇಳತೈತಿ. ನಿಮಗ ಕೇಳ್ತಿದ್ದಿಲ್ಲೇನ್ರಿ?"

"ನಂದ ತಪ್ಪಾತ್ರಿ. ನಾ ಹೇಳಿದ್ದು ಸುಳ್ಳು. ಹುಡುಗೀನ ಹೈಸ್ಕೂಲಿಗೆ ಹಚ್ಚರಿ, ಕೈ ಮುಗಿತೇನಿ" ಎಂದಳು. ಚಾಂದಸಾಬ ಗಾಬರಿಯಾಗಿ ಎದ್ದು ನಿಂತ. "ಅಯ್ಯ, ಹಂಗ್ಯಾಕ ಅಂತೀರಿ ಅಕ್ಕೋರ. ಹಚ್ಚತೇನಿ ಬಿಡ್ರಿ. ಸಂಜಿಕ ಆಕಿನ್ನ ಕಳಸತೇನಿ, ಆಕಿಗಷ್ಟು ನೀವ ಹೇಳ್ರಿ" ಎಂದು ಹೋದ.

ಬುತ್ತಿ ಬಿಚ್ಚುವ ಹೊತ್ತಿಗೆ ದಿಲನಾಜ ಸಂಪಾದಕರಿಗೆ ಮೇಲ್ ಬರೆದಳು. ನನ್ನ ಪ್ರಬಂಧದ ಮುಖ್ಯ ವಾಕ್ಯ ಸುಳ್ಳು. ಹುಡುಗಿ ಮಾತಾಡುತ್ತಿದ್ದಳು, ಕೇಳಿಸಿಕೊಳ್ಳದವಳು ನಾನು. ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಳಿಸುವ ಗುಂಡಿ ಒತ್ತಿದಳು. ಸದಾಶಿವ ಸರ್‌ಗೆ ಫೋನು ಮಾಡಿ ಹೇಳಿದರೆ ಅವರು, "ನಿಮ್ಮ ಹಣೆಬರಹ" ಎಂದು ಇಟ್ಟುಬಿಟ್ಟರು. ಇಷ್ಟಾದರೂ, ಎಲ್ಲೋ ಒಳಗೆ ಸಣ್ಣದೊಂದು ಹೆಮ್ಮೆಯೂ ಇತ್ತೆನ್ನಿ. ಪಿಎಚ್‌ಡಿಯನ್ನೇ ಬಿಟ್ಟೆ, ಇದಕ್ಕಿಂತ ಹೆಚ್ಚು ಏನು ಮಾಡಲಿ ಎಂದು ಬೆನ್ನು ನೇರ ಮಾಡಿ ಕುಳಿತಿದ್ದಳು.

ಸಂಜೆ ಮುಸರತ ಬಂದಳು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು. ದಿಲನಾಜ ಅವಳನ್ನು ಹಿಂದಿನ ಬೆಂಚಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕುಳಿತಳು.

"ಎಲ್ಲಾ ಕೇಳಿದೆ ಮುಸರತ. ಅಷ್ಟೆಲ್ಲಾ ಗೊತ್ತಿದ್ದಾಕಿ ಸಣ್ಣ ದನಿಲೆ ಯಾಕ ಹೇಳ್ತಿದ್ದಿ? ನನಗ ಕೇಳೂ ಹಂಗ ಹೇಳಬಾರದಿತ್ತೇನು?"

ಈ ಸಲ ಅವಳು ಕಾಯ್ದಳು. ಹುಡುಗಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಬಹಳ ಹೊತ್ತು ಸುಮ್ಮನಿದ್ದಳು.

"ನಿಮಗಲ್ಲರಿ, ಡಬ್ಬಿಗೆ ಹೇಳ್ತಿದ್ದೆ."

"ಡಬ್ಬಿಗೆ?"

"ಶಾಲಿ ಶುರುವಾದಾಗ ನೀವ ಹೇಳಿದ್ರಿ. ನೀವು ಏನ ಅಂದ್ರೂ ಇದರಾಗ ಇರತೈತಿ, ನಾ ಮನಿಗಿ ಹೋಗಿ ಎಲ್ಲಾರದೂ ಕೇಳತೇನಿ ಅಂತ. ಎದ್ದು ನಿಂತ್ರ ನನಗ ಅಂಜಿಕಿ ಬರತೈತ್ರಿ. ಅದಕ್ಕ ಅದರಾಗ ಹೇಳಿ ಇಡತಿದ್ದೆ."

ಹಾಗೆ ಹೇಳಿದ್ದು ದಿಲನಾಜಳಿಗೆ ನೆನಪೂ ಇರಲಿಲ್ಲ. ಮಕ್ಕಳ ಗಲಾಟೆ ಅಡಗಿಸಲು ಏನೋ ಅಂದಿರಬೇಕು.

"ದೀಪಾವಳಿ ಆದ ಮ್ಯಾಲ ಯಾಕ ಬಿಟ್ಟಿ?" ಎಂದಳು.

"ದಿನಾ ಮುಂಜಾನೆ ನಿಮ್ಮ ಮಾರಿ ನೋಡತಿದ್ದೆ. ಇವತ್ತರ ಏನರ ಅಂತೀರೇನೋ ಅಂತ. ನೀವು ಒಂದಿನಾನೂ ಏನೂ ಅನ್ನಲಿಲ್ಲ." ಮುಸರತ ತಲೆ ಇನ್ನೂ ಕೆಳಗೆ ಹಾಕಿದಳು. "ಎಲ್ಲಾ ತಪ್ಪ ಹೇಳಾಕತ್ತೇನಿ ಅಂತ ತಿಳಕೊಂಡೆರಿ."

ಮಧ್ಯಾಹ್ನದ ಹೆಮ್ಮೆ ಎಲ್ಲಿ ಹೋಯಿತೋ. ದಿಲನಾಜ ತನ್ನ ಪ್ರಬಂಧಕ್ಕೆ ಬೇಕಾದ ಮೂಕ ಹುಡುಗಿಯನ್ನು ತಾನೇ ಕೈಯಾರೆ ಮಾಡಿದ್ದಳು.

"ಒಂದೂ ತಪ್ಪಿದ್ದಿಲ್ಲವ್ವಾ," ಎಂದಳು, "ಎಲ್ಲಾ ಬರೋಬ್ಬರಿ ಇದ್ದುವು."

ಮುಸರತ ದೊಡ್ಡವರು ಹೇಳಿದರೆಂದು ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ.