ಎರಡು ಸುಳಿಯ ತಲೆ

ಎಷ್ಟೇ ಕೈ ಪಳಗಿದ ಕ್ಷೌರಿಕನಾದರೂ ತನ್ನ ತಲೆಗೆ ತಾನೇ ಕತ್ತರಿ ಹಾಕಿಕೊಳ್ಳಲಾರ. ಊರವರೆಲ್ಲ ಕಟಿಂಗ್ ಅಣ್ಣ ಎಂದು ಕರೆಯುತ್ತಿದ್ದವನ ಕಷ್ಟವೂ ಇದೇ. ಅವನ ನೆತ್ತಿಯ ಮೇಲೆ ಎರಡು ಸುಳಿ. ಅವುಗಳನ್ನು ಬಾಚಣಿಗೆಯಲ್ಲಿ ರಮಿಸಿ ದಾರಿಗೆ ತರಬಲ್ಲವನು ಒಬ್ಬನೇ ಇದ್ದ, ಅವನ ತಮ್ಮ. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಇಬ್ಬರೂ ಅನ್ಯೋನ್ಯವಾಗಿಯೇ ಇದ್ದರು. ಗಿರಾಕಿ ಇಲ್ಲದ ಮಧ್ಯಾಹ್ನ ನೋಡಿ ಅಣ್ಣ ತಮ್ಮನಿಗೆ ತಲೆ ಕೊಡುತ್ತಿದ್ದ, ತಮ್ಮ ಅಣ್ಣನಿಗೆ.

ಕೆಟ್ಟಿದ್ದು ಒಂದು ಮಷೀನಿನಿಂದ. ತಮ್ಮ ಕರೆಂಟಿನ ಮಷೀನ್ ತರೋಣವೆಂದ, ಅಣ್ಣ ಬೇಡವೆಂದ. ಮಾತಿಗೆ ಮಾತು ಬೆಳೆಯಿತು.

"ಒಂದು ಸಲನಾದ್ರೂ ನನ್ನ ಮಾತಿಗೆ ತಲೆ ಬಗ್ಗಿಸಣ್ಣ," ಎಂದ ತಮ್ಮ.

ಅಂಗಡಿ ತುಂಬ ಗಿರಾಕಿಗಳು. ಅಣ್ಣನಿಗೋ ಮೂಗಿನ ತುದಿಯಲ್ಲೇ ಕೋಪ. "ನಿನ್ನ ಮುಂದೆ ತಲೆ ಬಗ್ಗಿಸೋ ದಿನ ಬಂದ್ರೆ ಅವತ್ತೇ ಕತ್ತರಿ ಕೆಳಗಿಡ್ತೀನಿ," ಎಂದುಬಿಟ್ಟ. ಮರುದಿನದ ರೈಲಿಗೆ ನಗರಕ್ಕೆ ಹೋದ ತಮ್ಮ ಮತ್ತೆ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅಂದಿನಿಂದ ಅಣ್ಣನ ತಲೆ ಹೆಂಡತಿಯ ಪಾಲಿಗೆ ಬಿತ್ತು. ಬೇರೆ ಕ್ಷೌರಿಕನ ಬಾಗಿಲಿಗೆ ಹೋಗಲು ಅವನ ಬಿಗುಮಾನ ಬಿಡಲಿಲ್ಲ. ಅವಳು ಬಟ್ಟೆ ಹೊಲಿಯುವ ಕತ್ತರಿಯಲ್ಲೇ ಕೆಲಸ ಮುಗಿಸುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಗಿರಾಕಿಗಳು ಕುರ್ಚಿಯಲ್ಲಿ ಕೂರುವ ಮೊದಲು ಅವನ ನೆತ್ತಿ ನೋಡಿ, "ನಮಗೆ ಹಿಂಗೆ ಮಾಡ್ಬೇಡಪ್ಪ," ಎನ್ನುವುದು ರೂಢಿಯಾಯಿತು.

ಈಗ ಮಗಳ ಮದುವೆ ಹತ್ತಿರ ಬಂದಿತ್ತು. ಚಿಕ್ಕಪ್ಪನ ಹೆಗಲ ಮೇಲೆ ಬೆಳೆದ ಹುಡುಗಿ. "ಚಿಕ್ಕಪ್ಪನ್ನ ಕರೀತೀಯ ಅಲ್ವಾ ಅಪ್ಪ?" ಎಂದು ಊಟದ ಹೊತ್ತಿನಲ್ಲಿ ಕೇಳಿದಳು. ಅಪ್ಪ ಕೇಳಿಸದವನಂತೆ ಎದ್ದು ಕೈ ತೊಳೆದ.

"ಫೋನಿನಲ್ಲಿ ಕರೆದ್ರೆ ಅವನು ಬರಲ್ಲ," ಎಂದಳು ಹೆಂಡತಿ. "ಅಂದವರು ನೀವು, ಹೋಗ್ಬೇಕಾದವರೂ ನೀವೇ. ಹಾಗೇ ಆ ತಲೆನೂ ಸರಿ ಮಾಡಿಸ್ಕೊಂಡು ಬನ್ನಿ."

"ನಾನು ಹೋದ್ರೆ ಕತ್ತರಿ ಸಾಣೆ ಹಿಡಿಸೋಕೆ ಹೋಗ್ತೀನಿ, ಅಷ್ಟೇ."

"ಆಯ್ತು, ಸಾಣೆನೇ ಹಿಡಿಸ್ಕೊಂಡು ಬನ್ನಿ," ಎಂದು ಅವಳು ಮರುದಿನ ಬುತ್ತಿ ಕಟ್ಟಿಕೊಟ್ಟಳು.

ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗವೇ ಸಿಕ್ಕಿತು. ಆದರೆ ಅವನು ಹೊರಗೆ ನೋಡಿದ್ದು ಕಡಿಮೆ. ಕಸುಬಿನ ಚಾಳಿ, ಜನರ ಮುಖಕ್ಕಿಂತ ಮೊದಲು ಅವನಿಗೆ ಕಾಣುವುದು ಅವರ ಹಿಂಗತ್ತು. ನಗರದ ನಿಲ್ದಾಣದಿಂದ ಹೊರಬಿದ್ದರೆ ಕಣ್ಣು ಹಾಯಿಸಿದಷ್ಟೂ ತಲೆಗಳೇ. ತಮ್ಮನ ಅಂಗಡಿ ಹಳೇ ಮಾರ್ಕೆಟ್ಟಿನ ಕಡೆ ಎಂದಷ್ಟೇ ಅವನಿಗೆ ಗೊತ್ತಿತ್ತು. ಯಾರನ್ನಾದರೂ ಕೇಳಬಹುದಿತ್ತು. ಸಾಣೆ ಹಿಡಿಸಲು ಬಂದವನು ತಮ್ಮನ ಅಂಗಡಿ ಎಲ್ಲಿ ಅಂತ ಹೇಗೆ ಕೇಳುತ್ತಾನೆ? ಸುಮ್ಮನೆ ಊರು ನೋಡುವವನ ಹಾಗೆ ಅಲೆದ. ರಸ್ತೆ ದಾಟುವವರಿಗೆ ಅಂಟಿಕೊಂಡು ರಸ್ತೆ ದಾಟಿದ. ಗಾಜಿನ ಗೋಡೆಯ ಒಂದು ಸಲೂನಿನಲ್ಲಿ ಜನ ಅಂಗಾತ ಮಲಗಿ ತಲೆ ತೊಳೆಸಿಕೊಳ್ಳುವುದನ್ನು ನಿಂತು ನೋಡಿದ. ಕೊನೆಗೆ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದ.

ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹಮಾಲಿ ಬೆನ್ನು ಹಾಕಿ ಕೂತಿದ್ದ. ಅವನ ಬಲಗಿವಿಯ ಹಿಂದೆ ಕೂದಲಿನ ಗೆರೆ ಒಂಚೂರು ಮೇಲಕ್ಕೆ ಬಾಗಿತ್ತು. ಅಣ್ಣನ ಕೈಯ ತುತ್ತು ಕೈಯಲ್ಲೇ ಉಳಿಯಿತು. ತಮ್ಮ ಎಡಚ. ಅಪ್ಪ ಎಷ್ಟು ಬೈದರೂ ಆ ಬಾಗು ಅವನ ಕೈ ಬಿಟ್ಟು ಹೋಗಿರಲಿಲ್ಲ.

ಬುತ್ತಿ ಮುಚ್ಚಿ ಎದ್ದ. ಎದುರಿನ ಓಣಿಯಲ್ಲಿ ಹಣ್ಣು ತೂಗುತ್ತಿದ್ದವನ ಕತ್ತಿನಲ್ಲೂ ಅದೇ ಬಾಗು. ಮುಂದಿನ ತಿರುವಿನಲ್ಲಿ ಇಬ್ಬರು, ಅದರಾಚೆ ಚಹಾದ ಅಂಗಡಿಯ ಮುಂದೆ ನಿಂತವರಲ್ಲಿ ಅರ್ಧಕ್ಕರ್ಧ ಜನ. ಇಡೀ ಓಣಿಗೆ ತಮ್ಮನೇ ಕಟಿಂಗ್ ಮಾಡಿಟ್ಟಿದ್ದಾನೆ ಎಂದು ಅವನಿಗೆ ಹೆಮ್ಮೆಯಾಯಿತು.

ಆ ಬಾಗಿನ ಜಾಡು ಹಿಡಿದು ಹೋದರೆ ಅಂಗಡಿ ಸಿಕ್ಕಿತು. ಗಿರಾಕಿಗಳಿದ್ದರು, ಕತ್ತರಿ ಹಿಡಿದವನು ತಮ್ಮ ಒಬ್ಬನೇ, ಆದರೆ ಕುರ್ಚಿ ಎರಡು. ಎರಡನೆಯದಕ್ಕೆ ಬಟ್ಟೆ ಹೊದಿಸಿತ್ತು. ತಮ್ಮ ಕನ್ನಡಿಯಲ್ಲಿ ಅಣ್ಣನನ್ನು ಕಂಡ, ತಿರುಗಲಿಲ್ಲ.

"ಕೂತ್ಕೊಳ್ಳಿ. ಸರದಿ ಬರುತ್ತೆ."

ಆ ಬಹುವಚನ ಚುಚ್ಚಿತು. ಆದರೂ ಅಣ್ಣ ಬೆಂಚಿನ ಮೇಲೆ ಕೂತು ಕಾದ. ಸರದಿ ಬಂತು. ತಮ್ಮ ಬಿಳಿ ಬಟ್ಟೆ ಹೊದಿಸಿ, ನೆತ್ತಿಯ ಮೇಲೆ ಬೆರಳಾಡಿಸಿ ನಿಂತ.

"ಇದು ಯಾರ ಕೆಲಸ?"

"ನಿಮ್ಮತ್ತಿಗೇದು."

"ಅತ್ತಿಗೆಗೆ ನಿನ್ನ ಮೇಲೆ ಬಹಳ ಸಿಟ್ಟಿದೆ."

"ಇದೆ," ಎಂದ ಅಣ್ಣ.

ಸುಳಿಗಳೆರಡೂ ತಮ್ಮನ ಕೈಗೆ ಹಳೆಯ ನೆಂಟರ ಹಾಗೆ ಒಗ್ಗಿದವು. ನೆತ್ತಿ ಮುಗಿಯಿತು, ಕಿವಿಯ ಪಕ್ಕ ಮುಗಿಯಿತು. ತಮ್ಮ ಮಷೀನ್ ಎತ್ತಿಕೊಂಡು ಹಿಂದೆ ಬಂದು, "ತಲೆ ಬಗ್ಗಿ..." ಎಂದವನು ಅಲ್ಲಿಗೇ ನಿಂತುಬಿಟ್ಟ. ಬೆಳಗಿನಿಂದ ಎಲ್ಲ ಗಿರಾಕಿಗಳಿಗೂ ಹೇಳಿದ ಮಾತೇ ಅದು. ಮಷೀನ್ ಕೈಯಲ್ಲಿ ಗುಂಯ್ ಎನ್ನುತ್ತಲೇ ಇತ್ತು.

ಅಣ್ಣ ಕನ್ನಡಿಯಲ್ಲಿ ತಮ್ಮನ ಮುಖ ನೋಡಿದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಗದ್ದ ಎದೆಗೆ ತಾಕುವವರೆಗೆ ಅಣ್ಣ ತಲೆ ಬಗ್ಗಿಸಿದ.

"ಇಷ್ಟು ಸಾಕಾ?"

"ಸಾಕಣ್ಣ."

ತಮ್ಮನ ಅಂಗೈ ಅವನ ಕತ್ತಿನ ಮೇಲೆ ಬಂದು ಕೂತಿತು. ಮಷೀನ್ ಸ್ವಲ್ಪ ಹೊತ್ತು ಮುಂದೆ ಹೋಗಲಿಲ್ಲ. ಅಣ್ಣನ ಕಣ್ಣು ತುಂಬಿ ಬಂತು. ಬಗ್ಗಿದ ಮುಖ ಕನ್ನಡಿಗೆ ಕಾಣುವುದಿಲ್ಲವೆಂದು ಅವನು ಒರೆಸಿಕೊಳ್ಳಲೂ ಹೋಗಲಿಲ್ಲ.

ಎಲ್ಲ ಮುಗಿದ ಮೇಲೆ ತಮ್ಮ ಬಟ್ಟೆ ಕೊಡವುತ್ತ ಕೇಳಿದ, "ಹಂಗಾದ್ರೆ ಇವತ್ತು ಕತ್ತರಿ ಕೆಳಗಿಡ್ತೀಯಾ?"

ಅವನು ಮರೆತಿರಲಿಲ್ಲ. ಅಣ್ಣನೂ ಮರೆತಿರಲಿಲ್ಲ. ಚೀಲದಿಂದ ಕತ್ತರಿ ತೆಗೆದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟ.

"ಇಟ್ಟೆ ನೋಡು. ಸಾಣೆ ಹಿಡಿಸಿ ಇಟ್ಕೊಂಡಿರು. ಪುಟ್ಟಿ ಮದುವೆಗೆ ಬರ್ತಾ ತಗೊಂಡು ಬಾ. ಅಲ್ಲೀತನಕ ನನ್ನ ಅಂಗಡಿ ಬಾಗಿಲು ತೆಗೆಯೋ ಹಾಗಿಲ್ಲ."

ತಮ್ಮ ಕತ್ತರಿಯನ್ನು ಎತ್ತಿಕೊಂಡು ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದಕ್ಕೆ ಸಾಣೆ ಏನೂ ಬೇಕಿಲ್ವಲ್ಲಣ್ಣ."

"ಗೊತ್ತು," ಎಂದ ಅಣ್ಣ.