ವ್ಯಾಸಪೀಠ ಏರಿದ ಜನಸಂಖ್ಯೆ

ಆ ದಿನ ಬೆಳಗಿನಿಂದ ಮಾಡಿದ ಕೆಲಸಗಳು: ನಳ್ಳಿಯಲ್ಲಿ ನೀರು ನಿಲ್ಲುವ ಮೊದಲು ಹಂಡೆ, ಕೊಡ, ತಪಲೆಗಳನ್ನೆಲ್ಲ ತುಂಬಿಸಿದ್ದು. ಕಾಫಿ ಬೀಜ ಹುರಿದು ಪುಡಿ ಮಾಡಿದ್ದು. ಹೋಟೆಲಿಗೆ ಬೇಕಾದ ಒಣಮೆಣಸಿನ ತೊಟ್ಟು ಮುರಿದದ್ದು, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡದ್ದು. ಓರಗಿತ್ತಿಯ ಕೂಸಿಗೆ ಎಣ್ಣೆ ಹಚ್ಚಿ ಮೀಯಿಸಿದ್ದು. ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ, ಅರ್ಧಕ್ಕೆ ಉದ್ದಿನ ಹಪ್ಪಳ, ಇನ್ನರ್ಧಕ್ಕೆ ಮೈದುನನ ವಿಜ್ಞಾನದ ಪುಸ್ತಕಗಳನ್ನು ಬಿಸಿಲಿಗೆ ಹರಡಿದ್ದು. ಕಾಗೆಗಳು ಹಪ್ಪಳಕ್ಕೆ ಬಂದವು. ಪುಸ್ತಕಗಳನ್ನು ಅವು ತಿರುಗಿಯೂ ನೋಡಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದರಾಸಿನ ಟಿ. ನಗರದಲ್ಲಿ ನನ್ನ ಯಜಮಾನರ ಊಟ ತಿಂಡಿಯ ಹೋಟೆಲು. ಅದರ ಹಿಂದೆ ನಮ್ಮ ಮನೆ. ನಮ್ಮ ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಉಳಿದವರು ಅತ್ತೆ, ನಾವಿಬ್ಬರು, ಮೈದುನ, ಅವನ ಹೆಂಡತಿ, ಅವರ ನಾಲ್ಕು ಮಕ್ಕಳು. ಮೈದುನನಿಗೆ ಕೋಡಂಬಾಕ್ಕಂನಲ್ಲಿ ಕೆಲಸ. ಕನ್ನಡದ ಪೌರಾಣಿಕ ಚಿತ್ರಗಳು ಅಲ್ಲಿ ತಯಾರಾಗುತ್ತಿದ್ದ ಕಾಲ. ಗಡ್ಡ ಚೆನ್ನಾಗಿದ್ದು ಗಂಟಲು ಚೆನ್ನಾಗಿಲ್ಲದ ಋಷಿಗಳಿಗೆಲ್ಲ ಇವನು ದನಿ ಕೊಡುತ್ತಿದ್ದ. ಊಟಕ್ಕೆ ಕುಳಿತು ಉಪ್ಪು ಕೇಳಿದರೂ ಶಾಪ ಕೊಟ್ಟ ಹಾಗಿರುತ್ತಿತ್ತು.

ಅವನಿಗೆ ಇದ್ದ ಒಂದೇ ಚಟ ಪುಸ್ತಕ. ಅದರಲ್ಲೂ ವಿಜ್ಞಾನಿಗಳು ಬರೆದದ್ದು, ಇಲ್ಲವೇ ವಿಜ್ಞಾನಿಗಳ ಬಗ್ಗೆ ಯಾರಾದರೂ ಬರೆದದ್ದು. ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದ ಅಂಗಡಿಗಳಿಂದ ಹೊತ್ತು ತರುತ್ತಿದ್ದ. ಸೊಳ್ಳೆಯ ಹೊಟ್ಟೆ ಕೊಯ್ದು ಜ್ವರದ ಮೂಲ ಹುಡುಕಿದ ವೈದ್ಯನೊಬ್ಬನ ಚರಿತ್ರೆ ಓದುತ್ತ ಅವನು ಕಣ್ಣೀರು ಹಾಕಿದ್ದನ್ನು ನಾನೇ ಕಂಡಿದ್ದೇನೆ. ಅವನ ಕುರ್ಚಿಯ ಹಿಂದಿನ ನೀರಿನ ಡ್ರಮ್ಮಿನ ಮುಚ್ಚಳ ತೆಗೆದವನು ಮಾತ್ರ ಯಾವತ್ತೂ ಹಾಕಿದ್ದಿಲ್ಲ. ಕೆರೆಯ ಕಪ್ಪೆ, ಮೀನು, ಪಾಚಿ ಒಂದನ್ನೊಂದು ಹೇಗೆ ಸಾಕುತ್ತವೆ, ಹೇಗೆ ತಿನ್ನುತ್ತವೆ ಎಂದು ತಿಳಿಸುವ ದಪ್ಪ ಪುಸ್ತಕವೊಂದಿತ್ತು. ಅದನ್ನು ಓದಿದ ಮೇಲೆ ಅಡುಗೆಮನೆಯ ಇರುವೆಗಳಿಗೆ ಔಷಧಿ ಹಾಕಬಾರದೆಂದು ನನಗೆ ಅಪ್ಪಣೆಯಾಯಿತು. ಇರುವೆ ಅವನ ಸಕ್ಕರೆ ಡಬ್ಬಕ್ಕೆ ಹತ್ತುವವರೆಗೆ ಆ ಅಪ್ಪಣೆ ಜಾರಿಯಲ್ಲಿತ್ತು.

ಹೋಟೆಲಿನ ಮಾಳಿಗೆಯಲ್ಲಿ ಪ್ರತಿ ಭಾನುವಾರ ಕನ್ನಡಿಗರ ವಾಚಕರ ಕೂಟ ನಡೆಯುತ್ತಿತ್ತು. ಧಾರವಾಡ ಕಡೆಯ ಜವಳಿ ವ್ಯಾಪಾರಿಯೊಬ್ಬರು ಅಧ್ಯಕ್ಷರು. ಹೆಂಗಸರು ಬರಬಾರದೆಂದು ಯಾರೂ ಹೇಳಿರಲಿಲ್ಲ. ಬೊಂಡ ಮೇಲೆ ಕಳಿಸಿ ಎಂದಷ್ಟೇ ಹೇಳುತ್ತಿದ್ದರು. ಆ ಸಲ ಜನಸಂಖ್ಯೆಯ ಸಮಸ್ಯೆ ಕುರಿತು ವಿದೇಶದ ವಿಜ್ಞಾನಿಯೊಬ್ಬ ಬರೆದ ಪುಸ್ತಕವನ್ನು ಪರಿಚಯಿಸುವ ಕೆಲಸ ಮೈದುನನ ಪಾಲಿಗೆ ಬಂದಿತ್ತು. ಆ ವಿಷಯದಲ್ಲಿ ಕೂಟದೊಳಗೆ ಭಿನ್ನಾಭಿಪ್ರಾಯವೇ ಇರಲಿಲ್ಲ. ಜನ ವಿಪರೀತ ಹೆಚ್ಚುತ್ತಿದ್ದಾರೆ, ಹೆಚ್ಚುತ್ತಿರುವವರು ಬೇರೆಯವರು ಎಂಬುದನ್ನು ಎಲ್ಲರೂ ಒಪ್ಪಿದ್ದರು.

ಓರಗಿತ್ತಿಯ ವಿಷಯ ಇಲ್ಲೇ ಹೇಳಬೇಕು. ನಾಲ್ಕನೆಯ ಹೆರಿಗೆಯಲ್ಲಿ ಅವಳಿಗೆ ರಕ್ತ ಹೋದದ್ದು ನಿಲ್ಲಲೇ ಇಲ್ಲ. ಬದುಕಿ ಬಂದದ್ದೇ ಹೆಚ್ಚು. ಇನ್ನೊಂದು ಬಸಿರಾದರೆ ಜೀವ ಉಳಿಯುವ ಭರವಸೆ ಇಲ್ಲವೆಂದು ಆಸ್ಪತ್ರೆಯ ಲೇಡಿ ಡಾಕ್ಟರು ಗಂಡನನ್ನು ಕರೆದು ಹೇಳಿದ್ದರು. ಆಪರೇಷನ್ ನೀವೇ ಮಾಡಿಸಿಕೊಳ್ಳಿ, ಅವಳ ಮೈ ಅದನ್ನೂ ತಡೆಯುವ ಸ್ಥಿತಿಯಲ್ಲಿಲ್ಲ ಎಂದೂ ಹೇಳಿದ್ದರು. ಇವನು ಮನೆಗೆ ಬಂದು ಹೆಂಡತಿಗೆ, "ನನ್ನದೇನೂ ಅಡ್ಡಿ ಇಲ್ಲ. ಆದ್ರೆ ಅಮ್ಮ ಹಳೇ ಕಾಲದವ್ರು, ಒಪ್ಪುದಿಲ್ಲ. ಅವರ ಕಿವಿಗೆ ಹಾಕ್ಬೇಡ" ಎಂದುಬಿಟ್ಟ. ಅಂದಿನಿಂದ ಅವಳು ಕೂಸಿಗೆ ಕೆಮ್ಮು ಎಂದು ನೆಪ ಹೇಳಿ ಹೆಚ್ಚಿನ ರಾತ್ರಿ ಅತ್ತೆಯ ಕೋಣೆಯಲ್ಲೇ ಮಲಗುತ್ತಿದ್ದಳು. ಒಂದು ದಿನವೂ ಕೆಮ್ಮದ ಆ ಕೂಸು ಅತ್ತೆ ಕಾಸಿದ ಕಷಾಯವನ್ನೆಲ್ಲ ತಾಯಿಯ ಸಲುವಾಗಿ ಕುಡಿಯುತ್ತಿತ್ತು. ತಿಂಗಳ ದಿನ ಒಂದೆರಡು ಆಚೀಚೆಯಾದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಪುರಾಣ ಓದುವ ಪದ್ಧತಿ. ಪುಸ್ತಕ ಇಡುವ ಮರದ ವ್ಯಾಸಪೀಠ ಅತ್ತೆಯ ತವರಿನದು. ಓದು ಬಾರದ ಅತ್ತೆ ಹೂವು, ಅಕ್ಷತೆ ಹಿಡಿದು ಎದುರು ಕೂರುತ್ತಿದ್ದರು; ಸ್ಟುಡಿಯೋ ಇಲ್ಲದ ದಿನ ಮೈದುನನೇ ಓದುತ್ತಿದ್ದ. ಬಿಸಿಲಿಗೆ ಹಾಕಿದ ಪುಸ್ತಕಗಳನ್ನು ನಾನು ಕೆಳಗೆ ತಂದ ಆ ಸಂಜೆ ಅವನು, "ಅಮ್ಮ, ಈ ವಾರ ರಜೆ ಕೊಡು. ಭಾಷಣಕ್ಕೆ ತಯಾರಿ ಮಾಡ್ಬೇಕು" ಎಂದ.

"ಎಂತ ತಯಾರಿ? ಓದುದು ತಾನೇ? ಇಲ್ಲೇ ಓದು."

ಅವನಿಗೂ ಸುಲಭವೆನಿಸಿತು. ಜನಸಂಖ್ಯೆಯ ಪುಸ್ತಕವನ್ನು ಪೀಠದ ಮೇಲಿಟ್ಟು, ಇಂಗ್ಲಿಷನ್ನು ಅಲ್ಲಲ್ಲೇ ಕನ್ನಡ ಮಾಡುತ್ತ ಓದತೊಡಗಿದ. ದನಿ ತನ್ನಷ್ಟಕ್ಕೆ ಋಷಿಯದಾಯಿತು. ಭೂಮಿ ಒಂದೇ, ಅದರ ಮೇಲಿನ ಬಾಯಿಗಳು ಅಪಾರ ಎಂದು ಅವನು ಗುಡುಗಿದಾಗ ಅತ್ತೆ ಅಕ್ಷತೆ ಹಾಕಿ ಕೈ ಮುಗಿದರು. ಬರಗಾಲ ಬಂದಲ್ಲಿ "ಅಯ್ಯೋ ಶಿವನೇ" ಎಂದರು. ಮದ್ದು ಕಂಡುಹಿಡಿದು ಕಾಲರಾ ಓಡಿಸಿದ ವೈದ್ಯರ ಪ್ರಸಂಗದ ದಿನ ನನ್ನಿಂದ ಪಾಯಸ ಮಾಡಿಸಿದರು. ಓರಗಿತ್ತಿ ಬಾಗಿಲ ಬಳಿ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಒಂದು ಮಾತೂ ಬಿಡದೆ ಕೇಳುತ್ತಿದ್ದಳು.

ವಾರದ ಕೊನೆಗೆ, ಇನ್ನು ಮಂಗಳಾರತಿ ಎತ್ತಬಹುದು ಎಂದು ಅವನು ಪುಸ್ತಕ ಮುಚ್ಚಲು ಹೋದ. ಅತ್ತೆ ಕೈ ಅಡ್ಡ ಹಿಡಿದರು.

"ಎಂತ ಮಾರಾಯ, ಮೊನ್ನೆ ನೀನು ಗುರುತಿಗೆ ಇಟ್ಟ ಈ ನವಿಲುಗರಿ ಇಲ್ಲಿತ್ತು. ನಿನ್ನೆ ನೋಡಿದ್ರೆ ಅಷ್ಟು ಮುಂದೆ ಹೋಗಿ ಕೂತಿದೆ. ನಡುವಿನದ್ದು ಎಲ್ಲಿ ಹೋಯ್ತು?"

"ಅದು ಮುಖ್ಯ ಅಲ್ಲಮ್ಮ. ಬರೀ ವಿವರಣೆ."

"ಮುಖ್ಯ ಹೌದಾ ಅಲ್ವಾ ಹೇಳ್ಲಿಕ್ಕೆ ನೀನು ಬರೆದವನಾ? ಓದುವವ. ಪಾರಾಯಣದಲ್ಲಿ ಅಧ್ಯಾಯ ಹಾರಿಸಿದ್ರೆ ಮನೆಗೆ ದೋಷ."

"ಅಯ್ಯೋ, ಇದು ಪುರಾಣ ಅಲ್ಲಮ್ಮ!"

"ಹಾಗಾದ್ರೆ ಪೀಠದ ಮೇಲೆ ಎಂತಕ್ಕೆ ಇಟ್ಟೆ?"

ಹಾಳೆ ಹಿಂದಕ್ಕೆ ತಿರುಗಿತು. ಸಾಕಷ್ಟು ಮಕ್ಕಳಾದ ಮೇಲೆ ಏನು ಮಾಡಬಹುದು ಎಂಬ ಅಧ್ಯಾಯ ಅದು. ಹೆಂಗಸಿಗೆ ಮಾಡುವ ಶಸ್ತ್ರಚಿಕಿತ್ಸೆ ದೊಡ್ಡದು, ಗಂಡಸಿನದು ಚಿಕ್ಕದು, ಅವನು ಅದೇ ದಿನ ಮನೆಗೆ ಹೋಗಬಹುದು ಎಂಬಲ್ಲಿಗೆ ಬರುವಾಗ ಋಷಿಯ ದನಿ ಇಳಿದು ಇಳಿದು ಸೊಳ್ಳೆಯಷ್ಟಾಯಿತು.

"ದೊಡ್ಡಕ್ಕೆ ಓದು. ನಿನ್ನೆವರೆಗೆ ಹೋಟೆಲಿನ ಗಿರಾಕಿಗಳಿಗೂ ಕೇಳ್ತಿತ್ತು" ಎಂದರು ಅತ್ತೆ.

ತಾಯಿಯ ಜೀವಕ್ಕೆ ಅಪಾಯವಿದ್ದಲ್ಲಿ ತಡ ಮಾಡಬಾರದು ಎಂಬ ಸಾಲನ್ನೂ ಅವನು ಓದಲೇಬೇಕಾಯಿತು. ಅತ್ತೆ ಕೈಯ ಹೂವನ್ನು ಹಾಕಲಿಲ್ಲ. ಬಾಗಿಲ ಕಡೆ ತಿರುಗಿದರು.

"ನಿನಗೆ ಆ ಸಲ ಲೇಡಿ ಡಾಕ್ಟ್ರು ಎಂತ ಹೇಳಿದ್ದು?"

"ಏನೋ ಹೇಳಿದ್ರು ಬಿಡಮ್ಮ, ಡಾಕ್ಟ್ರುಗಳು..." ಎಂದು ಮೈದುನ ಶುರುಮಾಡಿದ.

"ನಿನ್ನನ್ನು ಕೇಳ್ಲಿಲ್ಲ."

ಓರಗಿತ್ತಿ ತಲೆ ಎತ್ತದೆ ಹೇಳಿದಳು: "ಇನ್ನೊಂದಾದ್ರೆ ನಾನು ಉಳಿಯುದಿಲ್ಲ ಅಂತ ಹೇಳಿದ್ದು ಅತ್ತೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಒಪ್ಪುದಿಲ್ಲ, ಹೇಳ್ಬೇಡ ಅಂದ್ರು."

"ಕೇಳದೆ ಒಪ್ಪುದು ಹೇಗೆ?" ಅತ್ತೆ ಮಗನತ್ತ ನೋಡಿದ ನೋಟಕ್ಕೆ ಶಾಪ ಕೊಡಲು ಬೇರೆಯವರ ದನಿ ಬೇಕಾಗಿರಲಿಲ್ಲ. "ಪೀಠದ ಮೇಲಿಟ್ಟು ಓದಿದ್ದನ್ನು ಮಾಡದೆ ಇರ್ಲಿಕ್ಕಿಲ್ಲ. ನೀನೇ ಓದಿದ್ದು, ನೀನೇ ಹೋಗು."

ಆಗ ಹೊರಬಂತು ನಿಜವಾದ ಸಂಗತಿ. ಅವನು ಹೇಳಿದ: "ಆ ಆಪರೇಷನ್ ಮಾಡಿಸಿದ್ರೆ ದನಿ ಸಪೂರ ಆಗ್ತದಂತೆ. ಸ್ಟುಡಿಯೋದಲ್ಲಿ ಎಲ್ಲ ಹೇಳ್ತಾರೆ."

"ಪುಸ್ತಕದಲ್ಲಿ ಉಂಟಾ?"

"ಇಲ್ಲ..."

"ನೀನೇ ಅಲ್ವಾ, ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಮೂಢನಂಬಿಕೆ ಅಂತ ಹೇಳುದು?"

ಗಲ್ಲಾಪೆಟ್ಟಿಗೆಯ ಬೀಗ ಹಾಕಿ ಆಗಷ್ಟೇ ಒಳಬಂದಿದ್ದ ನನ್ನ ಯಜಮಾನರು ತಮ್ಮನಿಗೆ ಸಮಾಧಾನ ಹೇಳಿದರು: "ಸಪೂರ ಆದ್ರೆ ಆಗ್ಲಿ ಮಾರಾಯ, ರಾಜಕುಮಾರಿಗೆ ದನಿ ಕೊಡ್ಬಹುದು. ಅವಳಿಗೆ ಸೀನೂ ಜಾಸ್ತಿ ಇರ್ತದೆ."

ಓರಗಿತ್ತಿ ಮಾತ್ರ ನಗಲಿಲ್ಲ. ಅವಳು ಗಂಡನ ಬಾಯನ್ನೇ ನೋಡುತ್ತಿದ್ದಳು. ಅವನು ಹ್ಞೂಂ ಎನ್ನಲೂ ಇಲ್ಲ, ಉಹ್ಞೂಂ ಎನ್ನಲೂ ಇಲ್ಲ. ಅತ್ತೆಯ ಹಟಕ್ಕೆ ಪುಸ್ತಕದ ಕೊನೆಯ ಪದಸೂಚಿಯನ್ನೂ ಓದಬೇಕಾಯಿತು. ಅಕ್ಕಿ, ಗೋಧಿ, ಜನನ, ಮರಣ, ವಲಸೆ ಎಂದು ಅವನು ಹೇಳುತ್ತ ಹೋದಂತೆ ಅತ್ತೆ ಒಂದೊಂದಕ್ಕೂ ಒಂದೊಂದು ತುಳಸಿ ಎಸಳು ಏರಿಸಿದರು.

ಭಾನುವಾರ ಅತ್ತೆ ಹಸುರು ಸೀರೆ ಉಟ್ಟು, ನನ್ನನ್ನೂ ಓರಗಿತ್ತಿಯನ್ನೂ ಕರೆದುಕೊಂಡು ಮಾಳಿಗೆ ಹತ್ತಿ ಮುಂದಿನ ಸಾಲಿನಲ್ಲಿ ಕುಳಿತುಬಿಟ್ಟರು. ಸಭೆಯಲ್ಲಿದ್ದವರು ಬೊಂಡ ತಂದಿದ್ದೇವೇನೋ ಎಂದು ನಮ್ಮ ಕೈ ನೋಡಿದರು. ಮೈದುನ ಅದ್ಭುತವಾಗಿ ಮಾತನಾಡಿದ. ಅಧ್ಯಕ್ಷರು ಎದ್ದು, ಇಂಥ ಗ್ರಂಥದ ತಿಳಿವಳಿಕೆ ಮನೆಮನೆಗೂ ತಲುಪಬೇಕೆಂದರು. ಚಪ್ಪಾಳೆ ಮುಗಿದ ಮೇಲೆ ಅತ್ತೆ ಕೇಳಿದರು:

"ನಮ್ಮ ಮನೆಗೆ ತಲುಪಿದೆ. ನಮ್ಮ ಹುಡುಗ ನಾಳೆ ಹೋಗ್ತಾನೆ. ಅವನ ಒಟ್ಟಿಗೆ ಹೋಗುವವರು ಯಾರ್ಯಾರು?"

ಹಿಂದಿನ ಸಾಲಿನಲ್ಲಿ ಒಬ್ಬರು ಬಗ್ಗಿ ಚಪ್ಪಲಿ ಹುಡುಕತೊಡಗಿದರು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, "ಅವ್ವಾರ, ನಾವು ಪ್ರಚಾರ ಮಾಡೋ ಮಂದಿ ರೀ. ಎಲ್ಲಾರೂ ಮಲಗಿದ್ರ ಪ್ರಚಾರ ಮಾಡೋರು ಯಾರು?" ಎಂದರು. ನಗು ಎದ್ದಿತು. ಅದೇ ನಗುವಿನಲ್ಲಿ ಮೈದುನನ ಧೈರ್ಯಕ್ಕೆ ಅಭಿನಂದನೆ ಸಲ್ಲಿಸುವ ಗೊತ್ತುವಳಿಯೂ ಸರ್ವಾನುಮತದಿಂದ ಪಾಸಾಯಿತು. ಅಭಿನಂದಿಸಿದ ಮೇಲೆ ಹೋಗದೆ ಇರಲು ಅವನಿಗೂ ದಾರಿ ಉಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಯಜಮಾನರು ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಹೊರಡುವ ಮೊದಲು ಅವನು ದೇವರ ಕೋಣೆಯಲ್ಲಿ ನಿಂತು ಶಾಂತಿಮಂತ್ರವೊಂದನ್ನು ತನ್ನ ಪೂರ್ತಿ ದನಿಯಲ್ಲಿ ಹೇಳಿದ, ಕೊನೆಯ ಸಲವೆಂಬಂತೆ. ಓರಗಿತ್ತಿ ಬೆಳಗಿನಿಂದ ಕಾಫಿ ಕುಡಿಯಲಿಲ್ಲ. ಹಿಂದೆ ಎರಡು ಸಲ ಅತ್ತೆಗೆ ತಿಳಿಯದ ಹಾಗೆ ಆಸ್ಪತ್ರೆಗೆಂದು ಹೊರಟು, ಬಸ್ ಸ್ಟಾಪಿನಿಂದಲೇ ತಿರುಗಿ ಬಂದವನು ಅವನು. ಬೀದಿಯಲ್ಲಿ ರಿಕ್ಷಾದ ಗಂಟೆ ಕೇಳಿದಾಗಲೆಲ್ಲ ಕಿಟಕಿಗೆ ಹೋಗುತ್ತಿದ್ದಳು. "ಬಂದ್ರಾ?" ಎಂದು ನಾನು ಕೇಳುವುದು, ಇಲ್ಲವೆಂದು ಅವಳು ತಲೆಯಾಡಿಸುವುದು, ಆಮೇಲೆ ಇಬ್ಬರೂ ಅದಕ್ಕೆ ಸಂತೋಷಪಡುವುದು, ಬೇಗ ಬರದಿದ್ದರೇ ಒಳ್ಳೆಯದಲ್ಲವೇ.

ಮಧ್ಯಾಹ್ನ ರಿಕ್ಷಾ ಬಂತು. ಯಜಮಾನರು ಇಳಿಯುತ್ತಲೇ, "ಆಯ್ತು" ಎಂದರು. ಅಷ್ಟೇ ಮಾತು. ಓರಗಿತ್ತಿ ಕಿಟಕಿಯ ಸರಳು ಹಿಡಿದುಕೊಂಡೇ ಕೆಳಗೆ ಕೂತಳು.

ದಾರಿಯಲ್ಲಿ ಆದದ್ದನ್ನು ಯಜಮಾನರು ಆಮೇಲೆ ಹೇಳಿದರು. ಪಾನಗಲ್ ಪಾರ್ಕಿನ ಹತ್ತಿರ ಮೈದುನ ತಡೆಯಲಾರದೆ, ಸರ್ವನಾಶವಾಗಲಿ ಎಂದು ಋಷಿ ಶಪಿಸುವ ಮಾತನ್ನು ಕೂಗಿ ನೋಡಿದನಂತೆ. ರಿಕ್ಷಾದವನು ಬೆಚ್ಚಿ ಬ್ರೇಕು ಹಾಕಿ, "ಎನ್ನ ಸಾರ್, ಯಾರೈ ತಿಟ್ಟುರೀಂಗ?" ಎಂದನಂತೆ. ತನ್ನನ್ನೇ ಬೈದರೆಂದು ತಿಳಿದವನಿಗೆ ಸಮಾಧಾನ ಮಾಡಬೇಕಾಗಿ ಬಂದರೂ ಮೈದುನನಿಗೆ ಪರಮಾನಂದ. ದನಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮನೆಯೊಳಗೆ ಕಾಲಿಟ್ಟವನು ಜಮಖಾನದ ಮೇಲೆ ಮಲಗಿ, ಗಂಟಲಿಗೂ ಆ ಜಾಗಕ್ಕೂ ದೇಹಶಾಸ್ತ್ರದ ಪ್ರಕಾರ ಯಾವ ಸಂಬಂಧವೂ ಇಲ್ಲವೆಂದು ನಮಗೆಲ್ಲ ವಿವರಿಸತೊಡಗಿದ. ಇದೆಯೆಂದು ನಾವು ಯಾರೂ ಹೇಳಿರಲಿಲ್ಲ.

"ಆಯ್ತು, ಈಗ ಉಣ್ಣು" ಎಂದರು ಅತ್ತೆ. ಶಾಲೆಯಿಂದ ಊಟಕ್ಕೆ ಬಂದ ಮಕ್ಕಳು "ಪಾಟಿ, ಪಸಿಕ್ಕುದು" ಎಂದು ತಮಿಳಿನಲ್ಲೇ ಹಸಿವು ಹೇಳಿಕೊಂಡು ಅಜ್ಜಿಯ ಸೆರಗು ಜಗ್ಗುತ್ತಿದ್ದವು. ಕುಚ್ಚಲಕ್ಕಿ ಅನ್ನ, ಮೆಣಸಿನ ಸಾರು, ಅಲಸಂಡೆ ಪಲ್ಯ, ಸುಟ್ಟ ಹಪ್ಪಳ, ಮಜ್ಜಿಗೆ. ಕಾಯಿಲೆಯವರಿಗೆ ಸಿಹಿ ಕೊಡಬಹುದೋ ಇಲ್ಲವೋ ತಿಳಿಯದೆ ನಾನು ಪಾಯಸ ಮಾಡಿರಲಿಲ್ಲ. ಯಜಮಾನರು ಹೋಟೆಲಿನಿಂದ ಎಲ್ಲರಿಗೂ ಒಂದೊಂದು ಬಾದಾಮಿ ಹಲ್ವ ತರಿಸಿದರು. ಮೈದುನ ಎರಡು ಸಲ ಅನ್ನ ಹಾಕಿಸಿಕೊಂಡು, ಕೆರೆಯ ಮೀನುಗಳ ಬಗ್ಗೆ ಮುಂದೆ ಕೊಡಲಿರುವ ಭಾಷಣವನ್ನು ಅಣ್ಣನಿಗೆ ಒಪ್ಪಿಸುತ್ತಿದ್ದ. ಓರಗಿತ್ತಿ ಎಲೆ ಎತ್ತಿ, ಗೋಮಯ ಹಚ್ಚಿ, ಕೂಸನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿದಳು. ಹಲ್ವ ಇನ್ನೂ ಅವಳ ಕೈಯಲ್ಲೇ ಇತ್ತು. ಕೂಸು ಕಣ್ಣು ಬಿಟ್ಟುಕೊಂಡು ನನ್ನ ಸರ ಜಗ್ಗುತ್ತಿತ್ತು, ಗಂಡಸರ ಮಾತು ನಡೆದೇ ಇತ್ತು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವಳು.